ಖಂಡೆಪೂಜೆಯ ದಿನ ಉಜ್ಜಿದ ಪ್ಯಾಕಿಂಗ್

ದಸರೆಯ ಅಷ್ಟಮಿ ದಿನ ಮಧ್ಯಾಹ್ನ ಇಳಕಲ್ಲಿನ ನಮ್ಮ ಗ್ಯಾರೇಜಿಗೆ ಒಂದು ಬಿಳಿ ಕಾರನ್ನು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಎಳೆದು ತಂದರು. ಏಳು ಜನ ಕೂರುವ ಡೀಸೆಲ್ ಬಾಡಿಗೆ ಕಾರು. ಚಾಲಕ ಇಳಿದವನೇ ಮೂರು ಮಾತು ಹೇಳಿದ. ಹುನಗುಂದದ ಹತ್ತಿರ ಬಿಸಿ ತೋರಿಸುವ ಸೂಜಿ ಕೆಂಪಿಗೆ ಏರಿದ ಕೂಡಲೇ ಎಂಜಿನ್ ಬಂದ್ ಮಾಡಿದೆ ಎಂದ. ಈ ಗಾಡಿಯ ವಾಟರ್ ಪಂಪನ್ನು ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ ಎಂದ. ತನ್ನ ಅಕ್ಕನಿಗೆ ಕಿಡ್ನಿ ಕೆಟ್ಟಿದೆ, ದಸರೆಯ ಮರುದಿನ ಮುಂಜಾನೆ ಅವಳನ್ನು ಡಯಾಲಿಸಿಸ್‌ಗೆ ಬಾಗಲಕೋಟೆಗೆ ಒಯ್ಯಲೇಬೇಕು ಎಂದ. ಮೂರರಲ್ಲಿ ಒಂದನ್ನೂ ನಾನು ನಂಬಲಿಲ್ಲ.

ಗ್ಯಾರೇಜಿಗೆ ಬರುವ ಚಾಲಕರಿಗೆಲ್ಲ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದವರು ಇದ್ದೇ ಇರುತ್ತಾರೆ. ಕೆಲಸ ಬೇಗ ಆಗಲಿ ಎಂದು ಸತ್ತ ತಾಯಿಯನ್ನು ಎರಡು ಸಲ ದವಾಖಾನೆಗೆ ಸೇರಿಸಿದವನನ್ನೂ ನಾನು ನೋಡಿದ್ದೇನೆ.

"ಹುನಗುಂದದಾಗ ಗ್ಯಾರೇಜ್ ಇಲ್ಲೇನೋ ತಮ್ಮಾ? ಇಲ್ಲೀತನಕ ಎಳಕೊಂಡು ಬಂದಿ?" ಎಂದು ಕೇಳಿದೆ.

"ಅದಾವ ಆಯಿ. ಎಲ್ಲಾರೂ ಹಬ್ಬದ ಗಡಿಬಿಡ್ಯಾಗ ಅದಾರ. ದಸರಿ ಮುಗೀಲಿ ಅಂದ್ರು."

"ಅಂದ್ರ ನಮಗ ಹಬ್ಬ ಇಲ್ಲ ಅಂತ ತಿಳಕೊಂಡಿ."

ಅವನು ನಕ್ಕ. ಬಾದಾಮಿ ಹತ್ತಿರದ ಚೊಳಚಗುಡ್ಡದವನಂತೆ. ಆಗಲೇ ಅವನಿಗೆ ಫೋನು ಬಂತು. ನಾಲ್ಕು ಹೆಜ್ಜೆ ಆಚೆ ಹೋಗಿ "ಅಕ್ಕಾ, ಬರ್ತೇನಿ, ಗಾಡಿ ಮಾಡಿಸಿಕೊಂಡ ಬರ್ತೇನಿ" ಎಂದು ಮಾತಾಡಿದ. ಆ ಕಡೆಯಿಂದ ಒಬ್ಬ ಹೆಂಗಸು ಗಟ್ಟಿಯಾಗಿ ನಕ್ಕದ್ದು ನನಗೆ ಕೇಳಿಸಿತು. ಕಿಡ್ನಿ ಹೋದವರು ಹಾಗೆ ನಗುವುದಿಲ್ಲ ಎಂದುಕೊಂಡೆ.

ಗ್ಯಾರೇಜಿನ ಮಾಲೀಕ ನನ್ನ ಗಂಡನ ಕೈಕೆಳಗೆ ಕೆಲಸ ಕಲಿತವನು, ನನಗೆ ಚಿಗವ್ವ ಎನ್ನುತ್ತಾನೆ. ಪಾನಾ ಹಿಡಿದು ಬೋಲ್ಟು ಬಿಚ್ಚುವುದು, ಕೂರಿಸುವುದು ಅವನ ಕೆಲಸ. ಬಿಚ್ಚಿದ್ದನ್ನು ತೊಳೆಯುವುದು, ಹಳೆಯ ಪ್ಯಾಕಿಂಗ್ ಕೆರೆಯುವುದು ನನ್ನದು. ಪುಸ್ತಕದಲ್ಲಿ ಗ್ಯಾಸ್ಕೆಟ್ ಎಂದು ಬರೆಯುತ್ತಾರಂತೆ, ನಮ್ಮಲ್ಲಿ ಪ್ಯಾಕಿಂಗ್. ಪಂಪಿನ ಮುಖವೂ ಎಂಜಿನ್ನಿನ ಮುಖವೂ ಕೂಡುವ ಜಾಗದಲ್ಲಿ ನೀರು ಸೋರದಿರಲಿ ಎಂದು ನಡುವೆ ಇಡುವ ತೆಳ್ಳನೆಯ ಹಾಳೆ ಅದು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಕಬ್ಬಿಣಕ್ಕೋ ಅಲ್ಯೂಮಿನಿಯಮ್ಮಿಗೋ ಹತ್ತಿಕೊಂಡುಬಿಡುತ್ತದೆ. ಎಳ್ಳಿನಷ್ಟು ಉಳಿದರೂ ಹೊಸದು ಸರಿಯಾಗಿ ಕೂರುವುದಿಲ್ಲ. ಎಲ್ಲ ಬರಲಿ ಎಂದು ಜೋರಾಗಿ ಕೆರೆದು ಲೋಹಕ್ಕೆ ಗೀರು ಬಿದ್ದರೆ ಆ ಗೀರಿನಿಂದಲೇ ಸೋರುತ್ತದೆ. ನೋಡಿದವರು ಇದು ಪಾತ್ರೆ ತಿಕ್ಕುವ ಕೆಲಸ ಎನ್ನುತ್ತಾರೆ. ಅನ್ನಲಿ.

ಮಾಲೀಕ ಬೆಲ್ಟು ತೆಗೆದು, ಎಂಜಿನ್ ತಣಿಸುವ ಕೂಲಂಟು ನೀರನ್ನು ಬಸಿದು, ಪಂಪನ್ನು ಇಳಿಸುವಾಗ ಸಂಜೆ ನಾಲ್ಕಾಗಿತ್ತು. ನಾನು ಎಂಜಿನ್ನಿನ ಮುಖ ನೋಡಿದೆ. ಒಂದು ಹಾಳೆ, ಅದರ ಕೆಳಗೆ ಕರಿ ಗಮ್ಮು, ಗಮ್ಮಿನ ಕೆಳಗೆ ಇನ್ನೊಂದು ಹಾಳೆ. ಯಾರೋ ಹಿಂದೆ ಪಂಪು ಬದಲಿಸಿದವನು ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸದನ್ನು ಅಂಟಿಸಿದ್ದ. ಚಾಲಕನನ್ನು ಕರೆದೆ.

"ಯಾರೂ ಬಿಚ್ಚಿಲ್ಲ ಅಂದೆಲ್ಲಾ, ಇದೇನಿದು? ಪಂಪ್ ತಂತಾನ ಎದ್ದು ಅಂಗಿ ಮ್ಯಾಲೆ ಅಂಗಿ ತೊಟ್ಟಕೊಂತೇನು?"

"ನಾ ತಗೊಂಡ ಮ್ಯಾಲೆ ಯಾರೂ ಬಿಚ್ಚಿಲ್ಲ ಆಯಿ. ಮೊದಲಿನವರು ಏನ ಮಾಡ್ಯಾರೋ ನನಗೇನ ಗೊತ್ತು?"

"ಹಂಗಂತ ಮೊದಲ ಹೇಳಬೇಕಾಗಿತ್ತು. ಅರ್ಧಾ ಮಾತು ಅಂದ್ರ ಪೂರಾ ಸುಳ್ಳು."

ಒಂದು ಸುಳ್ಳು ಸಿಕ್ಕಿತೆಂದು ನನಗೆ ಸಮಾಧಾನವಾಯಿತು. ಹಾಗಾದರೆ ಅಕ್ಕನದೂ ಸುಳ್ಳೇ.

ಕೆಲಸ ಶುರು ಮಾಡಿದೆ. ಮೊದಲು ಎಂಜಿನ್ನಿಗೆ ನೀರು ಹೋಗುವ ತೂತುಗಳಿಗೆ ಗ್ರೀಸು ಬಳಿದ ಅರಿವೆ ತುರುಕಬೇಕು. ಕೆರೆದ ಪುಡಿ ಒಳಗೆ ಬೀಳದೆ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಹಾಳೆಯ ಮೇಲೆ ಪೇಂಟು ಕೀಳುವ ಎಣ್ಣೆ ಹಚ್ಚಿ, ಅದು ಉಬ್ಬುವವರೆಗೆ ಕಾಯಬೇಕು. ಕಾಯಲು ಬಾರದವರು ಈ ಕೆಲಸಕ್ಕೆ ಕೈ ಹಾಕಬಾರದು. ಉಬ್ಬಿದ ಮೇಲೆ ಹಿತ್ತಾಳೆಯ ಪಟ್ಟಿಯನ್ನು ಮುಖಕ್ಕೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ನಿಧಾನ ತಳ್ಳಬೇಕು, ರೊಟ್ಟಿ ಹಂಚಿನಿಂದ ಎಬ್ಬಿಸುವ ಹಾಗೆ. ಹಿತ್ತಾಳೆ ಯಾಕೆಂದರೆ ಅದು ಅಲ್ಯೂಮಿನಿಯಮ್ಮನ್ನು ಗೀರುವುದಿಲ್ಲ, ಉಕ್ಕು ಗೀರುತ್ತದೆ. ಈ ಕಾರಿನ ಮುಖ ಅಲ್ಯೂಮಿನಿಯಮ್ಮಿನದು. ಮೇಲಿನ ಹಾಳೆ ಸಲೀಸಾಗಿ ಬಂತು. ಕೆಳಗಿನದು ಕಲ್ಲಾಗಿತ್ತು. ಕತ್ತಲಾಗುವ ಹೊತ್ತಿಗೆ ಅರ್ಧ ಮುಖ ಹಸನಾಗಿತ್ತು, ಅರ್ಧ ಉಳಿದಿತ್ತು.

ಆಗ ಮಾಲೀಕ ಬಂದು ನನ್ನ ಕೈಯಿಂದ ಹಿತ್ತಾಳೆ ಪಟ್ಟಿ ತೆಗೆದುಕೊಂಡ. ಮರುದಿನ ನವಮಿ, ಖಂಡೆಪೂಜೆ. ಗ್ಯಾರೇಜಿನ ಆಯುಧಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿ ಜೋಡಿಸಿ ಪೂಜೆಗೆ ಇಟ್ಟರೆ ದಶಮಿಗೆ ಬನ್ನಿ ತಂದು ಕಾಯಿ ಒಡೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಪಾನಾ, ಸುತ್ತಿಗೆ, ಜಾಕು, ಗ್ರೀಸಿನ ಡಬ್ಬಿ, ನನ್ನ ಪಟ್ಟಿ, ಎಲ್ಲ. ಅವನು ಕಸವನ್ನೂ ಹೊರಹಾಕಿಸಿದ. ತೂತಿಗೆ ತುರುಕಿದ್ದ ಗ್ರೀಸಿನ ಅರಿವೆಯನ್ನೂ ಹೊಲಸು ಎಂದು ಕಿತ್ತು ಕಸಕ್ಕೆ ಸೇರಿಸಿದ.

"ಇನ್ನೂ ಅರ್ಧ ಐತೋ" ಎಂದೆ.

"ನಾಡದು ಮಾಡೀಯಂತ ಚಿಗವ್ವ. ದಶಮಿ ದಿನ ಮೂರು ಗಂಟೆಕ್ಕ ಆಯುಧ ಎತ್ತತೇನಿ. ಆರಕ್ಕ ನಾ ಬನ್ನಿ ಕೊಡಾಕ ಹೋಗಬೇಕು. ನಡುವ ಎಷ್ಟ ಆಗತೈತಿ ಅಷ್ಟು."

ಮೂರು ತಾಸಿನಲ್ಲಿ ಉಳಿದದ್ದನ್ನು ಕೆರೆದು, ಪಂಪು ಕೂರಿಸಿ, ಗಮ್ಮು ಒಣಗಿ, ನೀರು ತುಂಬಿ ಎಂಜಿನ್ ಓಡಿಸಿ ನೋಡಲು ಆಗುವುದಿಲ್ಲ. ಅದು ಚಾಲಕನಿಗೂ ತಿಳಿಯಿತು. ಅವನು ರಾತ್ರಿ ಕಾರಿನಲ್ಲೇ ಮಲಗಿದ. ಮುಂಜಾನೆ ಹೊಸ ಪಂಪು ತರಲು ಬಾಗಲಕೋಟೆಯ ಬಸ್ಸು ಹತ್ತುವ ಮುಂಚೆ ನನ್ನ ಹತ್ತಿರ ಬಂದ.

"ಆಯಿ, ಹೆಂಗಾರ ಮಾಡಿ ಮುಖ ಒಂದು ಹಸನ ಮಾಡಿ ಇಡ್ರಿ. ನಾಡದ ಮುಂಜಾನೆ ಎಂಟಕ್ಕ ಅಕ್ಕ ಮಷಿನ್ ಮ್ಯಾಲೆ ಇರಬೇಕು. ಒಂದ ಸರ್ತಿ ತಪ್ಪಿದ್ರ ಮೈಯಾಗ ನೀರು ತುಂಬತೈತಿ, ಉಸರಾಡಾಕ ಬರಂಗಿಲ್ಲ."

"ಬ್ಯಾರೆ ಗಾಡಿ ಮಾಡು."

"ವಾರಕ್ಕ ಎರಡ ಸಲ ಬ್ಯಾರೆಯವರ ಗಾಡಿ ಯಾರ ಕೊಡ್ತಾರ ಆಯಿ? ಈ ಗಾಡಿ ತಗೊಂಡಿದ್ದ ಅದಕ್ಕ."

ನಾನು ಬೆನ್ನು ತಿರುಗಿಸಿ ಒಳಗೆ ಹೋದೆ. ಆದರೂ ಅವನು ಹೋದ ಮೇಲೆ ಮನಸ್ಸು ಕೊರೆಯಿತು. ಒಂದು ವೇಳೆ ಖರೆ ಇದ್ದರೆ?

ಆಯುಧ ಮುಟ್ಟದೆ ಏನು ಮಾಡಬಹುದೋ ಮಾಡಿ ನೋಡಿದೆ. ಎಣ್ಣೆಡಬ್ಬಿಯ ಪ್ಲಾಸ್ಟಿಕ್ ಕತ್ತರಿಸಿ ಕೆರೆದೆ, ಅದು ಮಣಿಯಿತು. ಬಿದಿರಿನ ಸೀಳಿನಿಂದ ಕೆರೆದೆ, ಅದು ಸೀಳಿತು. ಉಗುರು ಹೋಯಿತು. ಒಳಗೆ ಊದಿನಕಡ್ಡಿಯ ಹೊಗೆಯಲ್ಲಿ ನನ್ನ ಹಿತ್ತಾಳೆ ಪಟ್ಟಿ ಕುಂಕುಮ ಹಚ್ಚಿಕೊಂಡು ಮಲಗಿತ್ತು. ಮಾಲೀಕ ಊಟಕ್ಕೆ ಹೋಗಿದ್ದ. ಮುಟ್ಟಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಗಂಡ ಬದುಕಿದ್ದಾಗ ಒಂದು ಖಂಡೆಪೂಜೆಗೂ ತಪ್ಪದ ನೇಮ ಅದು. ಮುಟ್ಟಲಿಲ್ಲ.

ನಮ್ಮ ಪಕ್ಕದಲ್ಲಿ ಗ್ರಾನೈಟ್ ಕಾರ್ಖಾನೆ. ಅಲ್ಲಿ ಕಲ್ಲಿಗೆ ಪಾಲಿಷ್ ಮಾಡುವವನು ಗೋಡೆಯ ಆಚೆಯಿಂದ ನೋಡುತ್ತಿದ್ದ.

"ಏನ ಮಾಡಾಕತ್ತಿಬೇ, ಹಬ್ಬದ ದಿನ ಉಗುರಿಲೆ ಎಂಜಿನ್ ಕೆರೆಯಾಕತ್ತಿ?"

"ನಿನಗ್ಯಾಕ? ನಿಮ್ಮ ಕಲ್ಲು ನೋಡಕೋ ಹೋಗು."

"ನಮ್ಮ ಮಷಿನ್ನೂ ಪೂಜಾಕ್ಕ ಕುಂತಾವ. ತಡಿ." ಒಳಗೆ ಹೋಗಿ ಅಂಗೈಯಷ್ಟು ದೊಡ್ಡ, ಸವೆದ ಪಾಲಿಷ್ ಬಿಲ್ಲೆಯೊಂದನ್ನು ತಂದು ಗೋಡೆಯ ಮೇಲಿಟ್ಟ. "ಇದು ಸವದ ಮಾಲು, ಕಸದ ಡಬ್ಬ್ಯಾಗ ಇತ್ತು. ಆಯುಧ ಅಲ್ಲ. ಪಾಪಾನೂ ಇಲ್ಲ, ಪುಣ್ಯಾನೂ ಇಲ್ಲ. ತಿಕ್ಕು."

ಪುಕ್ಕಟೆ ಕೊಡುವವನ ಕೈಯನ್ನು ನಾನು ಎರಡು ಸಲ ನೋಡುತ್ತೇನೆ. ಅವನದನ್ನೂ ನೋಡಿದೆ. ಬಿಲ್ಲೆಯನ್ನು ಮೂಸಿಯೂ ನೋಡಿದೆ. ಅಲ್ಯೂಮಿನಿಯಮ್ಮಿಗೆ ಇಂಥದ್ದನ್ನು ಮುಟ್ಟಿಸಬಾರದು, ಲೋಹವನ್ನೇ ತಿನ್ನುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹಿಂದಿನ ವರ್ಷ ಮಾಲೀಕ ಇಂಥದೇ ಬಿಲ್ಲೆ ಹಿಡಿದಾಗ ಗಿರಾಕಿಗಳ ಮುಂದೆಯೇ ಅವನ ಮಾನ ಕಳೆದಿದ್ದೆ. ಆದರೂ, ಸವೆದದ್ದು, ಮೆಲ್ಲಗೆ ತಿಕ್ಕಿದರೆ ಏನಾದೀತು ಎಂದುಕೊಂಡೆ. ತೂತುಗಳಿಗೆ ತುರುಕಲು ಗ್ರೀಸಿನ ಅರಿವೆ ಇರಲಿಲ್ಲ, ಡಬ್ಬಿ ಪೂಜೆಯಲ್ಲಿತ್ತು. ಪೇಪರನ್ನು ಉಂಡೆ ಮಾಡಿ ತುರುಕಿದೆ.

ಅರ್ಧ ತಾಸಿನಲ್ಲಿ ಮುಖ ಕನ್ನಡಿಯಾಯಿತು. ಗೀರಿಲ್ಲ, ತಗ್ಗಿಲ್ಲ. ಮುಖ ಸಮ ಇದೆಯೋ ಇಲ್ಲವೋ ಎಂದು ಉಕ್ಕಿನ ಪಟ್ಟಿ ಅಡ್ಡ ಹಿಡಿದು ನೋಡಬೇಕು ಎನಿಸಿತು, ಅದೂ ಪೂಜೆಯಲ್ಲಿತ್ತು. ಸುತ್ತ ಬೂದುಬಣ್ಣದ ಪುಡಿ ಬಿದ್ದಿತ್ತು. ಒರೆಸಿದೆ. ಪೇಪರಿನ ಉಂಡೆ ಕೀಳುವಾಗ ಒಂದಿಷ್ಟು ಪುಡಿ ಒಳಗೆ ಜಾರಿತೋ ಇಲ್ಲವೋ ನೋಡಲಿಲ್ಲ. ಬಿಲ್ಲೆಯನ್ನು ಗೋಡೆಯಾಚೆ ಎಸೆದೆ.

ಮಾಲೀಕ ಬಂದು ನೋಡಿ, "ಯಪ್ಪಾ! ಇದನ್ನ ಹೆಂಗ ಮಾಡಿದಿ ಚಿಗವ್ವ?" ಎಂದ.

"ಉಗುರಿಲೆ" ಎಂದೆ.

ದಶಮಿಯ ದಿನ ಮೂರು ಗಂಟೆಗೆ ಆಯುಧ ಎತ್ತಿದೆವು. ಚಾಲಕ ತಂದ ಪಂಪನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಪೆಟ್ಟಿಗೆ ಹೊಸದು, ಒಳಗಿನದು ಹಳೆಯದು ಇರುವುದುಂಟು. ಇದು ಹೊಸದೇ ಆಗಿತ್ತು. ಆದರೂ ಅದರ ಬೋಲ್ಟಿನ ಕಿವಿಯ ಹಿಂದೆ ಮೊಳೆಯಿಂದ ಎರಡು ಚುಕ್ಕೆ ಹೊಡೆದೆ. ನಾಳೆ ಇವನು ಬೇರೆ ಪಂಪು ತೋರಿಸಿ ಜಗಳಕ್ಕೆ ಬಂದರೆ ನಮಗೆ ಸಾಕ್ಷಿ ಬೇಕು. ಚಾಲಕ ಅದನ್ನು ನೋಡಿದ. ಮಾಲೀಕ ಹೊಸ ಪ್ಯಾಕಿಂಗಿಗೆ ತೆಳ್ಳಗೆ ಗಮ್ಮು ಸವರಿ, ಬೋಲ್ಟುಗಳನ್ನು ಎದುರುಬದರು ಸ್ವಲ್ಪ ಸ್ವಲ್ಪವೇ ಬಿಗಿದ. ಐದೂವರೆಗೆ ಎಂಜಿನ್ ಚಾಲೂ ಮಾಡಿದರೆ ಒಂದು ಹನಿಯೂ ಇಲ್ಲ. ಚಾಲಕ ಬನ್ನಿ ಎಲೆ ಕೊಟ್ಟು ನನ್ನ ಕಾಲು ಮುಟ್ಟಿ ಹೋದ.

ಹದಿನಾರು ದಿನಕ್ಕೆ, ದೀಪಾವಳಿ ಇನ್ನೂ ನಾಲ್ಕು ದಿನ ಇದ್ದಾಗ, ಮಾಲೀಕನ ಫೋನಿಗೆ ಚಾಲಕನ ಕರೆ ಬಂತು. ಫೋನು ಕಿವಿಯಿಂದ ಒಂದು ಮೊಳ ದೂರ ಹಿಡಿದರೂ ಕೇಳುವಷ್ಟು ಜೋರು. ಪಂಪು ಮತ್ತೆ ಸೋರಿದೆ. ಹಿಂದಿನ ದಿನ ಕೆರೂರು ದಾಟಿದ ಮೇಲೆ ಅಕ್ಕ ಒಳಗಿದ್ದಾಗಲೇ ಗಾಡಿ ನಿಂತಿದೆ. ಎರಡು ತಾಸು ಬಿಸಿಲಲ್ಲಿ ಕೂತು, ತರಕಾರಿ ಗಾಡಿಯ ಚೀಲದ ಮೇಲೆ ಮಲಗಿಸಿಕೊಂಡು ಬಾಗಲಕೋಟೆಗೆ ಹೋದರೆ ಅವಳ ಪಾಳಿ ಮುಗಿದಿತ್ತಂತೆ. ಕೈಕಾಲು ಹಿಡಿದ ಮೇಲೆ ಎರಡು ತಾಸು ಮಷಿನ್ ಹಚ್ಚಿ ಕಳಿಸಿದರಂತೆ.

"ನಿಮ್ಮ ಪ್ಯಾಕಿಂಗ್ ಕೆಲಸಾ ನೋಡ್ರಿ ಎಂಥಾದ್ದು!" ಎಂದು ಅವನು.

"ಪ್ಯಾಕಿಂಗ್ ಅಲ್ಲ, ನೀ ತಂದ ಪಂಪ್ ಡುಪ್ಲಿಕೇಟ್" ಎಂದು ಮಾಲೀಕ.

ನನಗೆ ಬೇರೆಯೇ ಸಂಶಯ. ನಮ್ಮ ಪಂಪನ್ನು ಬಿಚ್ಚಿ ಮಾರಿ, ಹಳೆಯದು ಹಾಕಿ ಕುಣಿಯುತ್ತಿದ್ದಾನೆ. ಗಾಡಿಯನ್ನು ಇಳಕಲ್ಲಿಗೆ ತರುವುದಿಲ್ಲ ಎಂದು ಹಟ ಹಿಡಿದಾಗ ನನಗೆ ಖಾತ್ರಿಯೇ ಆಯಿತು. "ನಡೀ, ನಾವ ಹೋಗೂಣು. ಚುಕ್ಕಿ ನೋಡೂಣು" ಎಂದು ಮಾಲೀಕನನ್ನು ಎಬ್ಬಿಸಿದೆ. ಆಯುಧದ ಚೀಲ ಹೊತ್ತು ಹುನಗುಂದ, ಅಮೀನಗಡ, ಗುಳೇದಗುಡ್ಡ ದಾಟಿ ಬಾದಾಮಿಗೆ, ಅಲ್ಲಿಂದ ಚೊಳಚಗುಡ್ಡಕ್ಕೆ ಹೋದೆವು. ಚಾಲಕ ಇನ್ನೊಬ್ಬರಿಂದ ಕಾರು ಎಳೆಸಿ ಮನೆಯ ಮುಂದೆ ನಿಲ್ಲಿಸಿದ್ದ.

ಕಟ್ಟೆಯ ಮೇಲೆ ಒಬ್ಬ ಹೆಂಗಸು ದಿಂಬಿಗೆ ಒರಗಿ ಕೂತಿದ್ದಳು. ಐವತ್ತರ ಮೇಲೆ ವಯಸ್ಸು, ಮುಖ ಬಾತಿತ್ತು, ಬಣ್ಣ ಮಣ್ಣಿನದು. ನನ್ನನ್ನು ನೋಡಿ ನಕ್ಕಳು. ಫೋನಿನಲ್ಲಿ ಕೇಳಿದ ನಗುವೇ ಅದು.

"ಇಳಕಲ್ಲಿನ ಆಯಿ ಇವರಽ ಏನು? ನಾ ಇಲ್ಲೇ ಇಲ್ಲ ಅಂದವರು?"

ಬಾಯಿಬಿಟ್ಟು ಅನ್ನದಿದ್ದರೂ ನನ್ನ ಸಂಶಯ ಚಾಲಕನಿಗೆ ತಿಳಿದಿತ್ತು, ಎಲ್ಲ ಹೇಳಿದ್ದ.

"ಮುಟ್ಟಿ ನೋಡ್ರಿ, ಅದೇನಿ ಇಲ್ಲೋ." ಎಡಗೈ ಚಾಚಿದಳು. ಮೊಣಕೈಯ ಹತ್ತಿರ ಸೂಜಿ ಚುಚ್ಚುವ ನರ ಹುರಿಯಂತೆ ಉಬ್ಬಿತ್ತು. ಮುಟ್ಟಿದೆ. ಚರ್ಮದ ಕೆಳಗೆ ರಕ್ತ ಗುಂಯ್ ಎನ್ನುತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

"ಬುಧವಾರ ಮತ್ತ ಹೋಗಬೇಕ್ರಿ" ಎಂದಳು. "ಹ್ವಾದ ಸರ್ತಿ ಅರ್ಧಾ ಆಗೇತಿ. ಈ ಸರ್ತೀನೂ ದಾರ್ಯಾಗ ಕುಂತೆ ಅಂದ್ರ ನಾ ಖರೇನ ಇರಂಗಿಲ್ಲ. ಆವಾಗ ನಿಮ್ಮ ಮಾತು ಸುಳ್ಳ ಆಗಂಗಿಲ್ಲ ನೋಡ್ರಿ."

ಅದು ಸೋಮವಾರ.

ಮಾಲೀಕ ಪಂಪು ಬಿಚ್ಚಿ ನನ್ನ ಕೈಗೆ ಕೊಟ್ಟ. ಕಿವಿಯ ಹಿಂದೆ ನೋಡಿದೆ. ನನ್ನ ಎರಡೂ ಚುಕ್ಕೆ ಅಲ್ಲಿಯೇ ಇದ್ದವು. ಚಾಲಕ ನನ್ನನ್ನೇ ನೋಡುತ್ತಿದ್ದ. ಪ್ಯಾಕಿಂಗ್ ನೋಡಿದೆ. ಒಣಗಿದ ಹಾಗೇ ಇತ್ತು, ಒಂದು ಕಲೆಯೂ ಇರಲಿಲ್ಲ. ಸೋರಿದ್ದು ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ. ಒಳಗೆ ನೀರು ತಡೆಯುವ ಸೀಲು ಸವೆದರೆ ಮಾತ್ರ ಅಲ್ಲಿಂದ ನೀರು ಬರುತ್ತದೆ.

ಮಾಲೀಕನಿಗೆ ಜೀವ ಬಂತು. "ನೋಡಪಾ, ನಮ್ಮ ಕೆಲಸಾ ಬರೋಬ್ಬರಿ ಐತಿ. ಸೀಲ್ ಹೋಗೇತಿ. ಹದಿನೈದ ದಿನಕ್ಕ ಸೀಲ್ ಹೋಗತೈತಿ ಅಂದ್ರ ಮಾಲು ಖೊಟ್ಟಿ. ಹೋಗಿ ಅಂಗಡಿಯವನ ಕೊಳಪಟ್ಟಿ ಹಿಡಿ."

ಚಾಲಕ ಮೋಟಾರ್ ಸೈಕಲ್ಲಿನ ಕೀಲಿ ಕೈಗೆ ತೆಗೆದುಕೊಂಡ. ಬಾಗಲಕೋಟೆಗೆ ಹೋಗಿ ಜಗಳ ಮಾಡಿ ಇನ್ನೊಂದು ಪಂಪು ತರುವುದು, ಮರುದಿನ ಅದನ್ನು ಕೂರಿಸುವುದು ಎಂದು ಇಬ್ಬರೂ ಒಪ್ಪಿಕೊಂಡರು. ನನ್ನ ಮೇಲೆ ಯಾರ ಕಣ್ಣೂ ಇರಲಿಲ್ಲ.

ನನಗೆ ಮಾತ್ರ ಅನುಮಾನ ಹೋಗಲಿಲ್ಲ. ಸೀಲು ಯಾಕೆ ಸವೆಯಿತು? ಪಂಪಿನ ಹೊಟ್ಟೆಯಲ್ಲಿ ಬೆರಳಾಡಿಸಿದೆ. ತಳದಲ್ಲಿ ಬೂದು ಕೆಸರು ಕೂತಿತ್ತು. ಹೆಬ್ಬೆರಳಿನಿಂದ ತಿಕ್ಕಿದೆ. ತುಕ್ಕು ಮೆತ್ತಗಿರುತ್ತದೆ, ಇದು ಕೊರೆಯಿತು. ಒಂದು ಚಿಟಿಕೆ ಹಲ್ಲಿನ ನಡುವೆ ಇಟ್ಟು ಕಡಿದೆ. ಕರ್ ಎಂದಿತು. ಇಳಕಲ್ಲಿನಲ್ಲಿ ಕಾರ್ಖಾನೆಯ ಪಕ್ಕ ರೊಟ್ಟಿ ತಿಂದವರಿಗೆಲ್ಲ ಆ ಸದ್ದು ಗೊತ್ತು. ಪಾಲಿಷ್ ಬಿಲ್ಲೆಯ ಪುಡಿ. ಕೂಲಂಟಿನ ಜೊತೆ ಹದಿನಾರು ದಿನ ಸುತ್ತಿ ಸುತ್ತಿ ಸೀಲನ್ನು ತಿಂದಿತ್ತು.

ಅಲ್ಲೇ ಕೂತು ಯೋಚಿಸಿದೆ. ಬಿಲ್ಲೆಯ ಸುದ್ದಿ ಗೊತ್ತಿದ್ದದ್ದು ನನಗೆ ಮತ್ತು ಆ ಪಾಲಿಷಿನವನಿಗೆ. ಅವನು ಇಲ್ಲಿಗೆ ಬಂದು ಹೇಳುವವನಲ್ಲ. ನಾನು ಸುಮ್ಮನಿದ್ದರೆ ಪಂಪಿನ ಅಂಗಡಿಯವನು ಕಳ್ಳನಾಗುತ್ತಾನೆ, ಅಷ್ಟೇ. ಅಂಗಡಿಯವರ ಮೇಲೆ ನನಗೇನೂ ಕನಿಕರವಿಲ್ಲ. ಆದರೆ ಪುಡಿ ಬರೀ ಪಂಪಿನಲ್ಲಿ ಇರುವುದಿಲ್ಲ. ರೇಡಿಯೇಟರಿನಲ್ಲಿ, ಪೈಪಿನಲ್ಲಿ, ಎಂಜಿನ್ನಿನ ನೀರಿನ ದಾರಿಯಲ್ಲೆಲ್ಲ ಕೂತಿರುತ್ತದೆ. ತೊಳೆಯದೆ ಹೊಸ ಪಂಪು ಹಾಕಿದರೆ ಅದನ್ನೂ ತಿನ್ನುತ್ತದೆ. ಬುಧವಾರ ಅಲ್ಲದಿದ್ದರೆ ಮುಂದಿನ ವಾರ. ಕಟ್ಟೆಯ ಮೇಲಿನವಳು ಮತ್ತೆ ಬಿಸಿಲಲ್ಲಿ ಕೂರುತ್ತಾಳೆ.

"ಬಾಗಲಕೋಟಿಗೆ ಜಗಳಕ್ಕ ಹೋಗಬ್ಯಾಡ" ಎಂದೆ. "ಮಾಲು ಖೊಟ್ಟಿ ಅಲ್ಲ. ನನ್ನ ಕೈ ಖೊಟ್ಟಿ."

ಹೇಳಿದೆ. ಬಿಲ್ಲೆ, ಪೇಪರಿನ ಉಂಡೆ, ಉಗುರಿನ ಸುಳ್ಳು, ಎಲ್ಲ.

ಮಾಲೀಕ ಪಾನಾ ಕೆಳಗಿಟ್ಟ. "ಹ್ವಾದ ವರ್ಷ ನನಗ ಎಷ್ಟ ಬೈದಿ ಚಿಗವ್ವ? ಮಂದಿ ಮುಂದ ಕತ್ತೆ ಅಂದಿ ನನಗ!"

"ಅಂದೆ. ಈಗ ನೀ ನನಗ ಅನ್ನು."

ಅವನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಅಂದದ್ದು ಚಾಲಕ. "ಅಲ್ಲ ಆಯಿ, ನನ್ನ ಗಾಡಿ ಮ್ಯಾಲೆ ಸಂಶೆ, ನನ್ನ ಪಂಪಿನ ಮ್ಯಾಲೆ ಸಂಶೆ, ನಮ್ಮ ಅಕ್ಕನ ಮ್ಯಾಲೆ ಸಂಶೆ. ಊರ ಮಂದೀನ ಎಲ್ಲಾ ಜರಡಿ ಹಿಡದ್ರಿ. ನಿಮ್ಮ ಕೈ ಒಂದ ಬಿಟ್ರಿ?"

"ಪಂಪು ನಾ ಕೊಡಸ್ತೇನಿ. ಈಗ ನೀರಿನ ಪೈಪ್ ತಾ" ಎಂದೆ.

"ಇನ್ನೊಮ್ಮೆ ನಿಮ್ಮ ಕೈಯಾಗ ಕೊಡಲೇನು?"

ಕಟ್ಟೆಯ ಮೇಲಿಂದ ಅಕ್ಕ ಹೇಳಿದಳು. "ಕೊಡೋ. ಕದ್ದಾಕಿಗೆ ಎಲ್ಲಿ ಇಟ್ಟೇನಿ ಅಂತ ಗೊತ್ತಿರತೈತಿ. ಬ್ಯಾರೆಯವರು ಹುಡಕತಾ ಕೂಡ್ತಾರ."

ಅವನು ಪೈಪು ತಂದ.

ಮಂಗಳವಾರ ಮುಂಜಾನೆಯಿಂದ ತೊಳೆದೆವು. ಮಾಲೀಕ ಥರ್ಮೋಸ್ಟಾಟ್ ತೆಗೆದ, ಅದು ಇದ್ದರೆ ನೀರು ಪೂರ್ತಿ ಹರಿಯುವುದಿಲ್ಲ. ರೇಡಿಯೇಟರನ್ನು ಬೇರೆ ಮಾಡಿ, ಎಂದಿನ ದಾರಿಗೆ ಉಲ್ಟಾ ಕಡೆಯಿಂದ ನೀರು ಬಿಟ್ಟೆವು. ಕೆಳಗೆ ಬುಟ್ಟಿಯ ಮೇಲೆ ಹಳೆಯ ಬಿಳಿ ಪಂಚೆ ಕಟ್ಟಿ ಆ ನೀರನ್ನು ಸೋಸಿದೆ. ಮೊದಲ ಸಲ ಪಂಚೆ ಬೂದುಬಣ್ಣವಾಯಿತು. ತೊಳೆದು ಮತ್ತೆ ಕಟ್ಟಿದೆ. ಎಂಜಿನ್ನಿನ ನೀರಿನ ದಾರಿಗೆ ಪೈಪು ಹಚ್ಚಿದೆವು. ಒಳಗಿನ ಹೀಟರಿಗೆ ಹೋಗುವ ಸಣ್ಣ ಪೈಪನ್ನು ಮಾಲೀಕ ಮರೆತಿದ್ದ. ಅದನ್ನೂ ಬಿಚ್ಚಿಸಿದೆ. ಅಲ್ಲಿಂದ ಒಂದು ಚಮಚದಷ್ಟು ಕೆಸರು ಬಂತು. ನಾಲ್ಕನೆಯ ಸಲಕ್ಕೆ ನೀರು ಕಣ್ಣಿಗೆ ತಿಳಿಯಾಗಿ ಕಂಡಿತು.

"ಸಾಕ ಚಿಗವ್ವ" ಎಂದ ಮಾಲೀಕ.

"ಹಲ್ಲಾಗ ಇಟ್ಟ ನೋಡು."

ಪಂಚೆಯ ಮೇಲಿನದನ್ನು ಬೆರಳಿನಿಂದ ತೆಗೆದು ಹಲ್ಲಲ್ಲಿ ಕಡಿದ, ಮುಖ ಕಿವುಚಿದ, ಮತ್ತೆ ನೀರು ಬಿಟ್ಟ. ಏಳನೆಯ ಸಲ ನಾನು, ಅವನು, ಚಾಲಕ ಮೂವರೂ ಕಡಿದು ನೋಡಿದೆವು. ಸದ್ದು ಬರಲಿಲ್ಲ. ನಾನು ಎಂಟನೆಯ ಸಲವೂ ಬಿಡಿಸಿದೆ.

ಚಾಲಕ ಹೊಸ ಪಂಪು ತರಲು ಹೋದಾಗ ನಾನು ಎಂಜಿನ್ನಿನ ಮುಖದ ಮುಂದೆ ಕೂತೆ. ಹದಿನಾರು ದಿನದ ಪ್ಯಾಕಿಂಗ್ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಆದರೂ ತೂತುಗಳಿಗೆ ಮೊದಲು ಗ್ರೀಸಿನ ಅರಿವೆ ತುರುಕಿದೆ. ಎಣ್ಣೆ ಹಚ್ಚಿ ಕಾದೆ. ಅಕ್ಕ ಕಟ್ಟೆಯಿಂದ ಇಳಿದು ಬಂದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು.

"ತೂತು ಮುಚ್ಚೀರೇನು?"

"ಮುಚ್ಚೇನಿ."

"ತೋರಸ್ರಿ."

ತೋರಿಸಿದೆ. ಅವಳು ಬಗ್ಗಿ ಬೆರಳಿನಿಂದ ಅರಿವೆ ಒತ್ತಿ ನೋಡಿದಳು. ಬಲಗೈ ಬೆರಳಿಗೆಲ್ಲ ಗ್ರೀಸಾಯಿತು. ಸೆರಗಿಗೆ ಒರೆಸಿಕೊಳ್ಳಲು ಹೋದಳು. ನಾನು ನನ್ನ ಅರಿವೆ ಕೊಟ್ಟೆ.

ಹಿತ್ತಾಳೆ ಪಟ್ಟಿ ಮಲಗಿಸಿ ತಳ್ಳುತ್ತ ಹೋದೆ. ಎರಡೂವರೆ ತಾಸು ಹಿಡಿಯಿತು. ಕೊನೆಗೆ ಉಕ್ಕಿನ ಪಟ್ಟಿಯನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹಿಡಿದು ಹಿಂದಿನಿಂದ ಬೆಳಕು ಬಿಟ್ಟು ನೋಡಿದೆ. ಬಿಲ್ಲೆ ತಿಕ್ಕಿದ ಕಡೆ ಮುಖ ತಗ್ಗಾಗಿರಬಹುದು ಎಂಬ ಹೆದರಿಕೆ ಇತ್ತು. ಕೂದಲಿನಷ್ಟು ಬೆಳಕು ಒಂದು ಮೂಲೆಯಲ್ಲಿ ಬಂತು. ಅಷ್ಟನ್ನು ಪ್ಯಾಕಿಂಗ್ ನುಂಗುತ್ತದೆ ಎಂದ ಮಾಲೀಕ. ಈಗಾಗಲೇ ಒಮ್ಮೆ ನುಂಗಿದೆ, ಅಲ್ಲಿ ಕಲೆ ಇರಲಿಲ್ಲವಲ್ಲ ಎಂದು ಹಳೆಯ ಹಾಳೆಯನ್ನೇ ತೋರಿಸಿದ. ನಾನು ಅದನ್ನು ಮೂರು ಸಲ ತಿರುಗಿಸಿ ನೋಡಿ ಒಪ್ಪಿದೆ. ಸಂಜೆಗೆ ಪಂಪು ಕೂತಿತು. ಮಾಲೀಕ ಕೊನೆಯ ಬಸ್ಸಿಗೆ ಹೋದ. ನಾನು ಹೋಗಲಿಲ್ಲ.

ಬುಧವಾರ ಮುಂಜಾನೆ ಆರಕ್ಕೆ ಕಾರು ಹೊರಟಾಗ ನಾನು ಮುಂದಿನ ಬಾಗಿಲು ತೆಗೆದೆ.

"ಮುಂದ ಬ್ಯಾಡ್ರಿ" ಎಂದಳು ಅಕ್ಕ. "ಮುಂದ ಕುಂತ್ರ ದಾರಿತುಂಬ ಸೂಜಿ ನೋಡತೀರಿ. ಅವಂಗ ಗಾಡಿ ಹೊಡ್ಯಾಕ ಬಿಡಂಗಿಲ್ಲ. ಹಿಂದ ಬರ್ರಿ, ನನ್ನ ಬಾಜೂಕ."

ಹಿಂದೆ ಕೂತರೆ ಸೂಜಿ ಕಾಣುವುದಿಲ್ಲ. ಕೇಳುತ್ತ ಹೋದೆ. "ಸೂಜಿ ಎಲ್ಲೈತಿ?" "ನಡುವ ಐತಿ ಆಯಿ." ಕೆರೂರು ದಾಟಿತು. ಹೋದ ಸಲ ಗಾಡಿ ನಿಂತ ಜಾಗ ಬಂದಾಗ ಅಕ್ಕ ಬೆರಳು ಮಾಡಿ ತೋರಿಸಿದಳು. ಗಾಡಿ ನಿಲ್ಲಲಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯ ದವಾಖಾನೆ ಮುಟ್ಟಿದಾಗ ಏಳೂವರೆ ಆಗಿರಲಿಲ್ಲ. ಅವಳು ಒಳಗೆ ಹೋದಳು. ಹನಿ ಬಿದ್ದರೆ ಕಾಣಲಿ ಎಂದು ಕಾರಿನ ಕೆಳಗೆ ಒಣ ಮಣ್ಣು ಹರಡಿ ನಾಲ್ಕು ತಾಸು ಕಾದೆ. ಚಾಲಕ ಚಹಾ ತಂದುಕೊಟ್ಟ. ಮಣ್ಣು ಒಣಗಿಯೇ ಇತ್ತು. ಅವನೂ ಬಗ್ಗಿ ನೋಡಿದ.

ಹೊರಗೆ ಬಂದಾಗ ಅವಳ ಮುಖದ ಬಾವು ಇಳಿದಿತ್ತು, ಕಾಲು ಮಾತ್ರ ಇಡಲಾಗುತ್ತಿರಲಿಲ್ಲ. ಕಾರಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿ ತಲೆ ನನ್ನ ಹೆಗಲಿಗೆ ಬಿತ್ತು. ಭಾರವಾಗಿತ್ತು. ಸರಿಸಿದರೆ ಎದ್ದಾಳು ಎಂದು ಹಾಗೇ ಬಿಟ್ಟೆ. ಕೆರೂರಿನ ಹತ್ತಿರ ಸೂಜಿಯ ಸುದ್ದಿ ಕೇಳಬೇಕಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ಚಾಲಕನ ತಲೆಯ ಮೇಲಿನ ಕನ್ನಡಿಯಲ್ಲಿ ಅವನ ಕಣ್ಣು ಸಿಗುವವರೆಗೆ ನೋಡಿ ಹುಬ್ಬು ಎತ್ತಿದೆ. ಅವನು ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ನೆಟ್ಟಗೆ ನಿಲ್ಲಿಸಿದ. ನಡುವೆಯೇ ಇದೆ ಎಂದು.

ಒಂದು ಬೆರಳನ್ನು ಎಷ್ಟು ನಂಬುವುದು? ಬಾದಾಮಿ ಮುಟ್ಟುವುದರೊಳಗೆ ಇನ್ನೂ ಎರಡು ಸಲ ಹುಬ್ಬು ಎತ್ತಿದೆ. ಎರಡು ಸಲವೂ ಅವನು ಬೆರಳು ತೋರಿಸಿದ.